ಕಾಲೇಜು ಬಿಡುವ ಮಕ್ಕಳು ಹೇಳಿ ಹೋಗುವುದಿಲ್ಲ

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕ. ಈ ವರ್ಷ ವಿದ್ಯಾರ್ಥಿ ಕ್ಷೇಮಪಾಲನಾ ಅಧಿಕಾರಿಯ ಹೊಣೆಯನ್ನೂ ಕೊಟ್ಟಿದ್ದಾರೆ. ಬಿ.ಎ., ಬಿ.ಕಾಂ. ಮೊದಲ ಸೆಮಿಸ್ಟರ್‌ನಲ್ಲಿ ಬೆಂಚು ಸಾಲದೆ ಮಕ್ಕಳು ಕಿಟಕಿಯ ಕಟ್ಟೆ ಮೇಲೆ ಕೂರುತ್ತಾರೆ. ಐದನೇ ಸೆಮಿಸ್ಟರ್ ಹೊತ್ತಿಗೆ ಹಿಂದಿನ ಮೂರು ಸಾಲು ಖಾಲಿ. ನಮ್ಮಲ್ಲಿ ಆಪ್ತ ಸಮಾಲೋಚನಾ ಕೋಶ ಇದೆ, ಸಲಹಾ ಪೆಟ್ಟಿಗೆ ಇದೆ, ವಿದ್ಯಾರ್ಥಿವೇತನ ಘಟಕ ಇದೆ. ಯಾರೂ ಬರುವುದಿಲ್ಲ. ಪ್ರಾಂಶುಪಾಲರು 'ಸೇವೆಗಳನ್ನು ವಿಸ್ತರಿಸಿ' ಎನ್ನುತ್ತಾರೆ. ಇನ್ನೊಂದು ಕೋಶ ತೆರೆದರೆ ಪ್ರಯೋಜನ ಇದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಇನ್ನೊಂದು ಕೋಶ ತೆರೆಯಬೇಡಿ. ನಿಮ್ಮಲ್ಲಿ ಇರುವ ಮೂರೂ ಕೋಶಗಳು ವಿದ್ಯಾರ್ಥಿ ತಾನಾಗಿ ಬಂದು ಬಾಗಿಲು ತಟ್ಟಲಿ ಎಂದು ಕಾಯುತ್ತ ಕೂತಿವೆ. ಕಾಲೇಜು ಬಿಡುವ ಹಂತಕ್ಕೆ ಬಂದ ಹುಡುಗ ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿಯಾನು. ಬಾಗಿಲು ತಟ್ಟುವ ಮಕ್ಕಳು ಹೇಗೋ ದಡ ಸೇರುತ್ತಾರೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ತಮಗೆ ಬಂದಿರುವುದು ಕಾಲೇಜಿನವರ ಹತ್ತಿರ ಹೇಳಿಕೊಳ್ಳಬಹುದಾದ ಕಷ್ಟ ಎನ್ನುವುದೇ ಹೊಳೆಯುವುದಿಲ್ಲ. ಅವರು ಜಗಳವಾಡುವುದಿಲ್ಲ, ಅರ್ಜಿ ಕೊಡುವುದಿಲ್ಲ, ಟಿಸಿ ಕೇಳುವುದಿಲ್ಲ. ಒಂದು ಸೋಮವಾರದಿಂದ ಬರುವುದಿಲ್ಲ, ಅಷ್ಟೇ.

ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವಳು ನಾನು. ಇದನ್ನು ನನಗೆ ಕಲಿಸಿದ್ದು ಒಬ್ಬ ಬಿ.ಕಾಂ. ಹುಡುಗ. ಆಗ ನನ್ನ ಕೈಯಲ್ಲಿ ಮೆಂಟರ್ ಪುಸ್ತಕ ಇತ್ತು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸಬೇಕಲ್ಲ, ಪ್ರತಿ ತಿಂಗಳು ಪ್ರತಿ ಹೆಸರಿನ ಮುಂದೆ ಏನಾದರೊಂದು ಬರೆಯಬೇಕಿತ್ತು. ಅವನ ಹೆಸರಿನ ಮುಂದೆ ಸೆಪ್ಟೆಂಬರ್‌ನಲ್ಲಿ 'ಸಮಸ್ಯೆ ಇಲ್ಲ' ಎಂದು ಬರೆದಿದ್ದೆ, ಅಕ್ಟೋಬರ್‌ನಲ್ಲೂ ಅದನ್ನೇ. ಪರೀಕ್ಷಾ ಶುಲ್ಕ ಕಟ್ಟುವ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಸಂಕ್ರಾಂತಿ ಮುಂದಿನ ವಾರ ಎಪಿಎಂಸಿ ಅಂಗಳದಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದವನು ನನ್ನನ್ನು ಕಂಡು ಮೂಟೆಗಳ ಮರೆಗೆ ಸರಿದ. ಕರೆದು ಮಾತನಾಡಿಸಿದೆ. ತಾಯಿಗೆ ಆಪರೇಷನ್ ಆಗಿತ್ತು, ಮೂರು ವಾರ ಜಿಲ್ಲಾ ಆಸ್ಪತ್ರೆಯಲ್ಲೇ ಇದ್ದ. 'ಶಾರ್ಟೇಜ್ ಆಗಿತ್ರಿ ಮೇಡಂ, ಬಂದ್ರ ಬೈತೀರಿ ಅಂತ ಬರಲಿಲ್ಲ' ಎಂದ. ಕಾಲೇಜಿಗೆ ಬಂದು ಹಾಜರಿ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಹಾಜರಿಯ ಶಾರ್ಟೇಜ್ ಇದ್ದದ್ದು ಒಂದೇ ವಿಷಯದಲ್ಲಿ. ಇನ್ನು ಎಂಟು ಕ್ಲಾಸಿಗೆ ಬಂದಿದ್ದರೆ ಪರೀಕ್ಷೆಗೆ ಕೂರಲು ಬೇಕಾದ ನೂರಕ್ಕೆ 75 ಆಗುತ್ತಿತ್ತು. ಆಸ್ಪತ್ರೆಯಿಂದ ಮರಳಿದ ವಾರವೇ ಯಾರಾದರೂ ಒಂದು ಕರೆ ಮಾಡಿ 'ಬಾರಪ್ಪ, ಏನೂ ಆಗಿಲ್ಲ' ಎಂದಿದ್ದರೆ ಸಾಕಾಗಿತ್ತು. ಆ ಯಾರಾದರೂ ನಾನೇ ಆಗಬೇಕಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಳ್ಳುತ್ತೇನೆ. ಕೇಳಿಕೊಂಡು ಬಾರದ ಮಗುವಿನ ಹತ್ತಿರ ಕಾಲೇಜೇ ಮೊದಲು ಹೋಗುವುದು ಹೇಗೆ, ಹೋಗುವಾಗ ಕೈಯಲ್ಲಿ ಏನಿರಬೇಕು? ಈ ಎರಡನೆಯದನ್ನು ಮರೆತವರು ಬಹಳ.

ಈ ದಾರಿಯಲ್ಲಿ ಬಹುದೂರ ನಡೆದ ವಿಶ್ವವಿದ್ಯಾಲಯ ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್. ಶ್ರೀಮಂತರ ಮಕ್ಕಳ ವಿದ್ಯಾಲಯವಲ್ಲ ಅದು. ಕಪ್ಪು ಜನಾಂಗದ, ವಲಸಿಗರ, ದುಡಿಯುತ್ತ ಓದುವ ಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. 2003ರ ಹೊತ್ತಿಗೆ, ಅಲ್ಲಿ ಸೇರಿದ ನೂರು ಮಂದಿಯಲ್ಲಿ ಆರು ವರ್ಷಗಳೊಳಗೆ ಪದವಿ ಮುಗಿಸುತ್ತಿದ್ದವರು 32 ಮಂದಿ. ಒಂದೂವರೆ ದಶಕದಲ್ಲಿ ಅದು 54ಕ್ಕೆ ಏರಿತು. ಬಿಳಿಯರ ಮಕ್ಕಳಿಗೂ ಕಪ್ಪು ಜನಾಂಗದ ಮಕ್ಕಳಿಗೂ ಪದವಿ ಮುಗಿಸುವುದರಲ್ಲಿ ಇದ್ದ ಅಂತರ ಅಳಿಸಿಹೋಯಿತು. ಅವರು ಮಾಡಿದ್ದೇನೆಂದರೆ, ಹತ್ತು ವರ್ಷಗಳ ಹಳೆಯ ಅಂಕಪಟ್ಟಿಗಳನ್ನೆಲ್ಲ ಹರಡಿಕೊಂಡು, ಓದು ಬಿಟ್ಟವರು ಬಿಡುವ ಮೊದಲು ಎಲ್ಲೆಲ್ಲಿ ಎಡವಿದ್ದರು ಎಂದು ಹುಡುಕಿದರು. ಅಂಥ 800 ಸೂಚನೆಗಳು ಸಿಕ್ಕವು. ಒಂದು ಉದಾಹರಣೆ ಕೊಡುತ್ತೇನೆ. ರಾಜ್ಯಶಾಸ್ತ್ರ ಮುಖ್ಯ ವಿಷಯವಾಗಿ ತೆಗೆದುಕೊಂಡವರಲ್ಲಿ ಮೊದಲ ಪತ್ರಿಕೆಗೆ ಎ ಗ್ರೇಡ್ ಬಂದವರು ನೂರಕ್ಕೆ 75ರಷ್ಟು ಪದವಿ ಮುಗಿಸುತ್ತಿದ್ದರು, ಸಿ ಬಂದವರು ಬರೀ 25ರಷ್ಟು. ಸಿ ಎಂದರೆ ಪಾಸು. ಪಾಸಾಗಿದ್ದಾನಲ್ಲ ಎಂದು ಅಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2012ರಿಂದ ಇಂಥ ಸೂಚನೆ ಕಂಡ ಕೂಡಲೇ ಸಲಹೆಗಾರರೇ ಆ ವಿದ್ಯಾರ್ಥಿಯನ್ನು ಕರೆದು ಮಾತನಾಡುವ ಪದ್ಧತಿ ಬಂತು.

ಇದನ್ನು ಓದಿದವರೆಲ್ಲ ಕಂಪ್ಯೂಟರ್ ಸಾಫ್ಟ್‌ವೇರ್ ಖರೀದಿಗೆ ಓಡುತ್ತಾರೆ. ದಯವಿಟ್ಟು ನೀವು ಓಡಬೇಡಿ. ಜಾರ್ಜಿಯಾ ಸ್ಟೇಟ್ ಅದೇ ಹೊತ್ತಿಗೆ ಹೊಸದಾಗಿ ಹತ್ತಾರು ಸಲಹೆಗಾರರನ್ನು ನೇಮಿಸಿಕೊಂಡಿತು. ಏಳುನೂರು ಮಕ್ಕಳಿಗೆ ಒಬ್ಬರಿದ್ದದ್ದು ಮುನ್ನೂರಕ್ಕೆ ಒಬ್ಬರಾದರು. ಅದಕ್ಕೂ ಒಂದು ವರ್ಷ ಮೊದಲೇ, 2011ರಲ್ಲಿ, ಇನ್ನೊಂದು ಕೆಲಸ ಮಾಡಿತ್ತು. ಶುಲ್ಕದಲ್ಲಿ ಚೂರು ಬಾಕಿ ಉಳಿದದ್ದಕ್ಕೆ ಹೆಸರು ಹೊಡೆಸಿಕೊಳ್ಳಲಿದ್ದ ಮಕ್ಕಳನ್ನು ತಾನೇ ಹುಡುಕಿ, ಅವರ ಖಾತೆಗೆ ಸರಾಸರಿ 900 ಡಾಲರ್ ಹಾಕಿ, ಕೂತು ಓದಿ ಎಂದಿತು. ಅರ್ಜಿ ಹಾಕುವ ಅಗತ್ಯವೂ ಇರಲಿಲ್ಲ. ಮುಂದೆ ಇದೇ ಬಗೆಯ ಸಲಹಾ ಪದ್ಧತಿಯನ್ನು ಅಮೆರಿಕದ 11 ವಿಶ್ವವಿದ್ಯಾಲಯಗಳಲ್ಲಿ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಜಾರ್ಜಿಯಾ ಸ್ಟೇಟ್‌ನಲ್ಲಿ ಫಲ ಚೆನ್ನಾಗಿ ಕಂಡಿತು, ಎಲ್ಲ ಕಡೆಯದನ್ನೂ ಒಟ್ಟಿಗೆ ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಸುಮಾರು 25,000 ವಿದ್ಯಾರ್ಥಿಗಳೊಂದಿಗೆ ವರ್ಷಗಟ್ಟಲೆ ಪ್ರಯೋಗ ಮಾಡಿ 2019ರಲ್ಲಿ ಬರೆದದ್ದೂ ಇದೇ ಧಾಟಿಯಲ್ಲಿದೆ: ಮೊಬೈಲಿಗೆ ಪ್ರೋತ್ಸಾಹದ ಸಂದೇಶ ಕಳಿಸಿದರು, ಆನ್‌ಲೈನ್‌ನಲ್ಲಿ ಯೋಜನೆ ಬರೆಸಿದರು, ಅಂಕ ಮಾತ್ರ ಮೇಲೇರಲಿಲ್ಲ.

ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ 'ಆಸಾಪ್' ಎಂಬ ಕಾರ್ಯಕ್ರಮದ ಕಥೆ ಬೇರೆ. ಬಡ ಮಕ್ಕಳೇ ಹೆಚ್ಚಿರುವ ಎರಡು ವರ್ಷದ ಕೋರ್ಸುಗಳು ಅವು. ಪ್ರತಿ ಮಗುವಿಗೂ ಒಬ್ಬ ಸಲಹೆಗಾರ, ತಪ್ಪದೆ ಭೇಟಿ. ಭೇಟಿಗೆ ಬಂದವರಿಗೆ ಆ ತಿಂಗಳ ಮೆಟ್ರೊ ಪಾಸು ಉಚಿತ, ಪಠ್ಯಪುಸ್ತಕಕ್ಕೆ ನೆರವು, ಉಳಿದ ಶುಲ್ಕ ಮನ್ನಾ. ಚೀಟಿ ಎತ್ತಿ ಆಯ್ಕೆ ಮಾಡಿ ಹೋಲಿಸಿದಾಗ, ಮೂರು ವರ್ಷದಲ್ಲಿ ಓದು ಮುಗಿಸಿದವರು ಕಾರ್ಯಕ್ರಮದಲ್ಲಿದ್ದ ಗುಂಪಿನಲ್ಲಿ ನೂರಕ್ಕೆ 40, ಹೊರಗಿದ್ದ ಗುಂಪಿನಲ್ಲಿ 22. ಟೊರಾಂಟೊದಲ್ಲಿ ಸೋತದ್ದು ಬರೀ ಮಾತು, ನ್ಯೂಯಾರ್ಕ್‌ನಲ್ಲಿ ಗೆದ್ದದ್ದು ಬಸ್ ಪಾಸು ಹಿಡಿದು ಬಂದ ಮಾತು. ನಮ್ಮ ತಾಲ್ಲೂಕು ಕಾಲೇಜಿಗೂ ಇದೇ ಸತ್ಯ ಎಂದು ನನ್ನ ಅನುಭವ ಹೇಳುತ್ತದೆ.

ಈಗ ನಿಮ್ಮ ಕಾಲೇಜಿಗೆ ಬರೋಣ. ಸೂಚನೆ ಹುಡುಕಲು ನಿಮಗೆ ಕಂಪ್ಯೂಟರ್ ಬೇಡ. ಹಾಜರಿ ಪುಸ್ತಕ, ಮೊದಲ ಇಂಟರ್ನಲ್ ಟೆಸ್ಟಿನ ಅಂಕ, ಶುಲ್ಕ ಕಟ್ಟಿದವರ ಪಟ್ಟಿ — ಮೂರೂ ನಿಮ್ಮ ಕಾಲೇಜಿನಲ್ಲೇ ಇವೆ, ಮೂರು ಬೇರೆ ಬೇರೆ ಕೋಣೆಗಳಲ್ಲಿ. ಅಡಚಣೆ ಇರುವುದು ಅಲ್ಲೇ. ಹಾಜರಿ ಉಪನ್ಯಾಸಕರ ಬ್ಯಾಗಿನಲ್ಲಿ, ಅಂಕ ವಿಭಾಗದ ಬೀರುವಿನಲ್ಲಿ, ಶುಲ್ಕದ ಲೆಕ್ಕ ಕಚೇರಿಯ ಕೇಸ್ ವರ್ಕರ್ ಹತ್ತಿರ. ಸೆಮಿಸ್ಟರ್ ಮುಗಿಯುವಾಗ ಹಾಜರಿ ಕೂಡಿಸಿ ಶಾರ್ಟೇಜ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ಅಷ್ಟರಲ್ಲಿ ಆ ಪಟ್ಟಿ ಯಾರಿಗೂ ಸಹಾಯ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಪ್ರತಿ ಶನಿವಾರ ಕೊನೆಯ ಅವಧಿಯಲ್ಲಿ ಅರ್ಧ ಗಂಟೆ ಕೂತು, ಆ ವಾರ ಸತತ ಮೂರು ದಿನ ಬಾರದವರ ಹೆಸರನ್ನು ಒಂದು ಹಾಳೆಗೆ ಇಳಿಸಿ. ಹೊಸದಾಗಿ ಸೇರಿದವರಿಗೆ ಇದನ್ನು ಮೊದಲ ಆರು ವಾರ ತಪ್ಪದೆ ಮಾಡಿ. ನಾನು ಕಂಡಂತೆ, ಕಾಲೇಜು ತನ್ನದು ಅನ್ನಿಸುವುದೋ ಅಲ್ಲವೋ ಎಂಬುದು ಆ ಆರು ವಾರಗಳಲ್ಲಿ ಇತ್ಯರ್ಥವಾಗುತ್ತದೆ.

ಆಮೇಲಿನ ಅಪಾಯದ ದಿನಗಳು ನಿಮ್ಮ ಊರಿನ ಬೇಸಾಯದ ಲೆಕ್ಕದಲ್ಲೇ ಬರುತ್ತವೆ. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಕೊಯ್ಲು, ಭತ್ತದ ಕಟಾವು. ಮನೆಯವರು ಗುಳೆ ಹೊರಟರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲೇ ಉಳಿಯುತ್ತಾಳೆ. ಇವೆಲ್ಲ ಯಾವ ವಾರ ಬರುತ್ತವೆಂದು ನಿಮಗೆ ಮೊದಲೇ ಗೊತ್ತು. ಆ ವಾರಗಳನ್ನು ಕಾಲೇಜಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನಗಳಲ್ಲಿ ಇಂಟರ್ನಲ್ ಟೆಸ್ಟ್ ಇಡಬೇಡಿ. ಕಾಸಿನ ಖರ್ಚಿಲ್ಲದ ಕೆಲಸ ಇದು. ಇನ್ನೊಂದು, ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ಮರುದಿನ. ಪಿಯುಸಿವರೆಗೆ ಎಲ್ಲದರಲ್ಲೂ ಪಾಸಾದ ಹುಡುಗನಿಗೆ ಎರಡು ವಿಷಯ ಉಳಿದಿವೆ ಎಂದು ಮೊಬೈಲಿನಲ್ಲಿ ಕಂಡ ದಿನ ಅವನು ಮನಸ್ಸಿನಲ್ಲೇ ಕಾಲೇಜು ಬಿಟ್ಟಿರುತ್ತಾನೆ. ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ ಬರೆಯಬಹುದು, ಅದಕ್ಕೆ ಇಷ್ಟು ಶುಲ್ಕ, ಇಂಥ ದಿನ ಕಟ್ಟಬೇಕು — ಇಷ್ಟನ್ನು ಯಾರಾದರೂ ಕೂರಿಸಿ ಹೇಳಿದರೆ ಉಳಿಯುತ್ತಾನೆ.

ಹಾಳೆಯಲ್ಲಿ ಹೆಸರು ಬಂತು. ಇನ್ನು ಕರೆ. ಇಲ್ಲಿ ನೀವು ಮೊದಲು ಮುಗ್ಗರಿಸುವುದು ಫೋನ್ ನಂಬರಿನಲ್ಲಿ. ಪ್ರವೇಶದ ಅರ್ಜಿಯನ್ನು ಎಷ್ಟೋ ಮಕ್ಕಳು ಸೈಬರ್ ಸೆಂಟರಿನಲ್ಲಿ ತುಂಬಿಸುತ್ತಾರೆ, ಓಟಿಪಿ ಬೇಗ ಬರಲಿ ಎಂದು ಅಂಗಡಿಯವರು ತಮ್ಮದೇ ನಂಬರು ಹಾಕಿಬಿಡುತ್ತಾರೆ. ಒಂದು ವರ್ಷ ನಾನು ಬೇರೆ ಬೇರೆ ಮಕ್ಕಳ ಮನೆಗೆಂದು ಮಾಡಿದ ಏಳು ಕರೆಗಳನ್ನು ಒಬ್ಬನೇ ಅಂಗಡಿಯವ ಎತ್ತಿದ್ದ. ಆದ್ದರಿಂದ ತರಗತಿ ಶುರುವಾದ ಮೊದಲ ವಾರವೇ ಪ್ರತಿ ಮಗುವಿನಿಂದ ಎರಡು ನಂಬರು ಬರೆಸಿಕೊಳ್ಳಿ: ಮನೆಯದ್ದೊಂದು, ಒಬ್ಬ ಗೆಳೆಯ ಅಥವಾ ಗೆಳತಿಯದ್ದೊಂದು. ಬರೆಸಿಕೊಂಡ ಸಂಜೆಯೇ ಎರಡಕ್ಕೂ ರಿಂಗ್ ಕೊಟ್ಟು ನೋಡಿ. ಊರಿನ ಹೆಸರು, ಬರುವ ಬಸ್ಸು, ಬಸ್ಸಿನ ಸಮಯ ಇವನ್ನೂ ಬರೆಸಿ. ಇವು ಆಮೇಲೆ ಬಹಳ ಕೆಲಸಕ್ಕೆ ಬರುತ್ತವೆ.

ಕರೆ ಮಾಡಿದಾಗ ಮೊದಲ ಮಾತು 'ಯಾಕೆ ಬಂದಿಲ್ಲ?' ಎಂದಿರಬಾರದು. ಆ ಮಾತಿಗೆ ಬರುವ ಉತ್ತರ 'ಜ್ವರ ಇತ್ತು ಮೇಡಂ' ಎಂಬುದೊಂದೇ. ನಾನು ಹೀಗೆ ಶುರು ಮಾಡುತ್ತಿದ್ದೆ: 'ಕಾಲೇಜಿಂದ ಮಾತಾಡ್ತಿದೀನಪ್ಪ. ಬೈಯೋಕ್ಕಲ್ಲ. ಮೂರು ದಿನ ಕಾಣಲಿಲ್ಲ, ಮನೇಲಿ ಎಲ್ಲ ಆರಾಮಿದ್ದಾರಾ?' ಬೈಯಲು ಅಲ್ಲ ಎಂದು ಬಾಯಿಬಿಟ್ಟೇ ಹೇಳಬೇಕು, ಏಕೆಂದರೆ ಕಾಲೇಜಿನಿಂದ ಫೋನ್ ಬಂದರೆ ಅದು ದೂರಿಗೇ ಎಂದು ಮನೆಯವರ ಮನಸ್ಸಿನಲ್ಲಿ ಕೂತಿರುತ್ತದೆ. ತಂದೆ ಫೋನ್ ಎತ್ತಿದರೆ ಇನ್ನೂ ಒಳ್ಳೆಯದು. ಒಮ್ಮೆ ಒಬ್ಬ ತಂದೆ, 'ಹೊಲದಾಗ ಅದಾನ್ರಿ, ಹತ್ತಿ ಬಿಡಸಾಕ ಕೂಲಿ ಸಿಗವಲ್ರು. ನಾಕು ದಿನ ಬಿಟ್ಟು ಕಳಿಸ್ತೀನ್ರಿ' ಎಂದರು. ನಾಲ್ಕು ದಿನ ಬಿಟ್ಟು ನಾನು ಮತ್ತೆ ಕರೆ ಮಾಡಿದೆ. ಕೆಲಸ ಮಾಡಿದ್ದು ಆ ಎರಡನೆಯ ಕರೆ. ಮೊದಲನೆಯದನ್ನು ಜನ ಕಾಟಾಚಾರ ಎಂದುಕೊಳ್ಳುತ್ತಾರೆ. ಎರಡನೆಯದು ಬಂದಾಗ, ಇವರಿಗೆ ನಮ್ಮ ಮಗ ನೆನಪಿದ್ದಾನೆ ಎಂದು ಗೊತ್ತಾಗುತ್ತದೆ.

ಎಲ್ಲ ಕರೆಯನ್ನೂ ನೀವೇ ಮಾಡಬೇಕಿಲ್ಲ, ಆಗುವುದೂ ಇಲ್ಲ. ಮೂರನೇ ವರ್ಷದ ಮಕ್ಕಳಲ್ಲಿ ಅದೇ ಊರಿನ ಕಡೆಯಿಂದ ಅದೇ ಬಸ್ಸಿಗೆ ಬರುವವರನ್ನು ಹುಡುಕಿ. ಬಸ್ಸಿನ ವಿವರ ಬರೆಸಿ ಎಂದದ್ದು ಇದಕ್ಕೇ. ಒಬ್ಬ ಹಿರಿಯ ವಿದ್ಯಾರ್ಥಿಗೆ ಐದಾರು ಕಿರಿಯರು. 'ಅಕ್ಕ, ಈ ಪತ್ರಿಕೇಲಿ ನಿನಗೆ ಎಷ್ಟು ಬಂದಿತ್ತು?' ಎಂದು ಬಸ್ಸಿನಲ್ಲಿ ಕೇಳುವ ಮಾತನ್ನು ನಮ್ಮನ್ನು ಎಂದೂ ಕೇಳುವುದಿಲ್ಲ. ಆದರೆ ಹಿರಿಯ ಮಕ್ಕಳಿಗೆ ಒಂದು ಗೆರೆ ಹಾಕಿಕೊಡಿ: ಅವರು ವಿಷಯ ತಲುಪಿಸುವವರು, ಗುಟ್ಟು ಹೊರುವವರಲ್ಲ. ಮನೆಯ ಹೊಡೆತ ಬಡಿತ, ಮದುವೆಯ ಒತ್ತಾಯ, ಸಾಯುವ ಮಾತು — ಇಂಥದ್ದು ಕಿವಿಗೆ ಬಿದ್ದರೆ ಅದೇ ದಿನ ನಿಮಗೆ ತಿಳಿಸಬೇಕು.

ಇನ್ನು ಕೈಯಲ್ಲಿ ಏನಿರಬೇಕು ಎಂಬ ಮಾತು. ಕರೆ ಮಾಡಿದಾಗ ಹೊರಬರುವ ಕಷ್ಟಗಳಲ್ಲಿ ದುಡ್ಡಿನದೇ ಹೆಚ್ಚು, ಅದೂ ಸಣ್ಣ ದುಡ್ಡು. ಸರ್ಕಾರದ ನೆರವಿಲ್ಲದೆ ಅಲ್ಲ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಇದೆ, ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಬಂದಿತ್ತು. ಸಮಸ್ಯೆ ಇರುವುದು ಯೋಜನೆಗೂ ಮಗುವಿನ ಖಾತೆಗೂ ನಡುವೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ, ಅದು ಅರ್ಜಿ ತುಂಬುವ ದಿನವೇ ಗೊತ್ತಾಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆ ಎಂದು ಮಗು ಹೇಳುತ್ತದೆ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿರುವುದು ಬೇರೆ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆ ಖಾತೆ ಜೋಡಣೆಯಾಗಿರುವುದು ಬೇರೆ. ಹಣ ಬರುವುದು ಎರಡನೆಯದಕ್ಕೆ. ಅಣ್ಣನ ಒತ್ತಾಯಕ್ಕೆ ಬೇರೆ ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದಿದ್ದರೆ ಹಣ ಆ ಖಾತೆಗೆ ಹೋಗಿ ಕೂತಿರುತ್ತದೆ, ಮಗು 'ನನಗೆ ಸ್ಕಾಲರ್‌ಶಿಪ್ ಬರಲಿಲ್ಲ' ಎಂದು ನಂಬಿ ಓಡಾಡುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೊಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದರ ಜೊತೆಗೆ ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ, ಅಂದರೆ ಆನ್‌ಲೈನ್ ದೃಢೀಕರಣ, ಆಗಬೇಕು.

ನಿಮ್ಮ ವಿದ್ಯಾರ್ಥಿವೇತನ ಘಟಕ ಕುರ್ಚಿಯಲ್ಲಿ ಕೂತು ಕಾಯುವ ಬದಲು, ಪ್ರವೇಶ ಮುಗಿದ ವಾರವೇ ತರಗತಿ ತರಗತಿಗೆ ಹೋಗಲಿ. ಒಂದೊಂದು ಸೆಕ್ಷನ್‌ಗೆ ಒಂದೊಂದು ದಿನ. ಪ್ರತಿ ಮಗುವಿನ ಆರ್‌ಡಿ ಸಂಖ್ಯೆಯ ಅವಧಿ, ಖಾತೆ ಜೋಡಣೆ, ಹೆಸರಿನ ಕಾಗುಣಿತ, ಈ ಮೂರನ್ನು ನೋಡಿ, ತೊಡಕಿದ್ದವರನ್ನು ಪಟ್ಟಿ ಮಾಡಿ. ಬ್ಯಾಂಕಿನವರನ್ನು ಒಂದು ದಿನ ಕಾಲೇಜಿಗೇ ಕರೆಸಿ. ನಾವು ಹೀಗೆ ಮಾಡಿದ ವರ್ಷ ಮ್ಯಾನೇಜರ್ ಇಬ್ಬರು ಸಿಬ್ಬಂದಿಯೊಂದಿಗೆ ಬಂದು ಗ್ರಂಥಾಲಯದ ಮೇಜಿನ ಮೇಲೆ ಸಂಜೆವರೆಗೆ ಅರ್ಜಿ ತೆಗೆದುಕೊಂಡರು. ಬ್ಯಾಂಕಿನ ಕೌಂಟರಿನಲ್ಲಿ ಇಡೀ ದಿನ ನಿಂತು ಬಾಯಿ ಬಿಡದೆ ಹಿಂದಿರುಗುತ್ತಿದ್ದ ಹೆಣ್ಣುಮಕ್ಕಳು ಅಂದು ತಾವೇ ಫಾರ್ಮು ತುಂಬಿದರು. ಸರ್ಕಾರಿ ಶಾಲೆ ಕಾಲೇಜಿನಲ್ಲೇ ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ, ಅದರ ಅರ್ಜಿಯನ್ನೂ ಅದೇ ದಿನ ಹಾಕಿಸಬಹುದು.

ವಿದ್ಯಾರ್ಥಿವೇತನ ಬಂದರೂ ಪರೀಕ್ಷಾ ಶುಲ್ಕದ ದಿನಕ್ಕೆ ಸರಿಯಾಗಿ ಬರುವುದಿಲ್ಲ. ಆ ನಡುವಿನ ಬಿರುಕಿಗೆ ಒಂದು ಪುಟ್ಟ ನಿಧಿ ಬೇಕು. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಕಟ್ಟಡ ಕಟ್ಟಿಸಿ ಎಂದು ಕೇಳುವುದನ್ನು ಬಿಟ್ಟು ಇದನ್ನು ಕೇಳಿ. ಶುಲ್ಕ ಕಟ್ಟಲು ಕೊನೆಯ ದಿನಕ್ಕೆ ಐದು ದಿನ ಮೊದಲು, ಕಟ್ಟದವರ ಪಟ್ಟಿಯನ್ನು ಕೇಸ್ ವರ್ಕರ್ ನಿಮ್ಮ ಕೈಗೆ ಕೊಡಬೇಕು. ಕೊನೆಯ ದಿನ ದಾಟಿದ ಮೇಲೆ ಕೊಟ್ಟರೆ ದಂಡ ಸೇರಿರುತ್ತದೆ. ನಿಧಿಯಿಂದ ಕೊಡುವುದು ಸಾಲವಲ್ಲ. ವೇದಿಕೆ ಬೇಡ, ಚೆಕ್ಕು ಹಿಡಿದು ಫೋಟೊ ಬೇಡ, ಗೆಳೆಯರೆದುರು ಹೆಸರು ಕೂಗುವುದು ಬೇಡ. ಒಮ್ಮೆ ನಾವು ದಾನಿಯ ಸಂತೋಷಕ್ಕೆಂದು ಸಮಾರಂಭ ಮಾಡಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆವು. ಮರುವರ್ಷ ಆ ನಿಧಿಗೆ ಯಾರೂ ಕೈ ಚಾಚಲಿಲ್ಲ. ಆ ಸಾಲಿನಲ್ಲಿ ನಿಂತಿದ್ದ ಒಬ್ಬಳು ತಲೆ ಎತ್ತಿರಲೇ ಇಲ್ಲ ಎಂಬುದು ನನಗೆ ಫೋಟೊ ನೋಡಿದ ಮೇಲೆ ಗೊತ್ತಾಯಿತು.

ಪಾಠದ ತೊಡಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ಕಂಡಿದ್ದೀರಿ. ಕನ್ನಡ ಮಾಧ್ಯಮದಿಂದ ಬಂದು ಬಿ.ಕಾಂ. ಸೇರಿದ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ, ಪ್ರಶ್ನೆ ಏನು ಕೇಳುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಮೊದಲ ಟೆಸ್ಟಿಗೆ ಕಾಯದೆ ಎರಡನೇ ವಾರವೇ ನಿಮ್ಮ ವಿಷಯದ ನೂರು ಪದಗಳನ್ನು ಕನ್ನಡದಲ್ಲಿ ಬಿಡಿಸಿ ಬರೆದು ಹಂಚಿ. ಯಾವ ಯಾವ ಪತ್ರಿಕೆಗೆ ಕನ್ನಡದಲ್ಲಿ ಉತ್ತರ ಬರೆಯಲು ನಿಮ್ಮ ವಿಶ್ವವಿದ್ಯಾಲಯ ಬಿಡುತ್ತದೆ ಎಂಬುದನ್ನು ಬಾಯಲ್ಲಿ ಹೇಳಿ, ಬೋರ್ಡಿನಲ್ಲೂ ಬರೆಯಿರಿ. ಮೊದಲ ಟೆಸ್ಟಿನಲ್ಲಿ ಸೊನ್ನೆ ಬಂದವನನ್ನು ಮಾತ್ರವಲ್ಲ, ಅಂಚಿನಲ್ಲಿ ಪಾಸಾದವನನ್ನೂ ಕರೆದು ಮಾತನಾಡಿ. ಜಾರ್ಜಿಯಾದ ಸಿ ಗ್ರೇಡಿನವರನ್ನು ನೆನಪಿಟ್ಟುಕೊಳ್ಳಿ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಬರೆಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾದ ಮೇಲೆ ಟಿಕೆಟ್ಟಿನ ಚಿಂತೆ ಹೋಯಿತು. ಉಳಿದಿರುವುದು ಸಮಯದ ಚಿಂತೆ. ಕೊನೆಯ ತರಗತಿ ನಾಲ್ಕೂವರೆಗೆ ಮುಗಿದು ಆ ಊರಿನ ಬಸ್ಸು ನಾಲ್ಕು ಗಂಟೆಗೇ ಹೊರಟರೆ, ಆ ಹುಡುಗಿಗೆ ಆ ವಿಷಯದಲ್ಲಿ ಶಾರ್ಟೇಜ್ ಖಾಯಂ. ನೀವು ಬರೆಸಿಕೊಂಡ ಬಸ್ಸಿನ ಪಟ್ಟಿ ಹಿಡಿದು ಮೊದಲು ವೇಳಾಪಟ್ಟಿಯನ್ನು ಬದಲಿಸಿ ನೋಡಿ, ಆಗದಿದ್ದರೆ ಪಟ್ಟಿಯ ಸಮೇತ ಡಿಪೋ ಮ್ಯಾನೇಜರಿಗೆ ಪತ್ರ ಕೊಡಿ. ಇಷ್ಟು ಊರಿನ ಇಷ್ಟು ಮಕ್ಕಳು ಎಂದು ಲೆಕ್ಕ ಇದ್ದ ಪತ್ರಕ್ಕೆ ಸಿಗುವ ಬೆಲೆ ಬರಿಯ ಮನವಿಗೆ ಸಿಗುವುದಿಲ್ಲ. ಎರಡನೇ ವರ್ಷದಲ್ಲಿ ಮದುವೆಯಾಗುವವರು ಬಹಳ. ಮದುವೆಯ ಕರೆಯೋಲೆ ಬಂದರೆ ಓದು ಮುಗಿಯಿತು ಎಂದು ನಾವೇ ಒಪ್ಪಿಕೊಂಡುಬಿಡುತ್ತೇವೆ. ಹಾಗೆ ಮಾಡಬೇಡಿ. ಗಂಡನ ಊರಿನ ಹತ್ತಿರದ ಕಾಲೇಜಿಗೆ ವರ್ಗಾವಣೆ ಹೇಗೆ ಎಂದು ಕೇಳಿ ಇಟ್ಟುಕೊಂಡು ಹೇಳಿ. ಬಸುರಿ, ಬಾಣಂತಿ ವಿದ್ಯಾರ್ಥಿನಿಯರಿಗೆ ಹಾಜರಾತಿಯಲ್ಲಿ, ಅರ್ಜಿಯ ದಿನಾಂಕದಲ್ಲಿ ರಿಯಾಯಿತಿ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಡಿಸೆಂಬರ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಏನೂ ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ದಾರಿಯಾದರೂ ತೋರಿಸಿ. ಮದುವೆಗೆ ಹೋಗಿ ಉಡುಗೊರೆ ಕೊಡುವಾಗ ಅತ್ತೆ ಮಾವನ ಎದುರಿಗೇ 'ಇನ್ನೆರಡು ಸೆಮಿಸ್ಟರ್ ಉಳಿದಿವೆ, ಇವಳು ಚೆನ್ನಾಗಿ ಓದುತ್ತಾಳೆ, ಕಳಿಸಿಕೊಡಬೇಕು' ಎಂದು ಹೇಳಿಯೇ ಬರುತ್ತಿದ್ದರು ನಮ್ಮ ಕನ್ನಡ ವಿಭಾಗದ ಮೇಡಂ. ಅಂಥ ಇಬ್ಬರು ಬಂದು ಪರೀಕ್ಷೆ ಬರೆದದ್ದನ್ನು ನಾನೇ ನೋಡಿದ್ದೇನೆ, ಒಬ್ಬಳ ಕೂಸನ್ನು ಹೊರಗಿನ ಜಗುಲಿಯಲ್ಲಿ ಅತ್ತೆಯೇ ಎತ್ತಿಕೊಂಡಿದ್ದರು.

ಮನಸ್ಸು ತೀರ ಕುಗ್ಗಿದ ಮಕ್ಕಳ ವಿಷಯದಲ್ಲಿ ನಿಮ್ಮ ಮಿತಿ ತಿಳಿದಿರಲಿ. ನೀವು ಮಾನಸಿಕ ವೈದ್ಯರಲ್ಲ. ಕೂತು ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ನಿಮ್ಮ ಫೋನಿನಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ ಮಾತನಾಡಿಸಿ. ಹಗಲಿರುಳು ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಸಂಖ್ಯೆ ಬರೆದ ಚೀಟಿ ಕೊಟ್ಟು ಕಳಿಸಿದರೆ ಆಗುವುದಿಲ್ಲ. ಆ ಸ್ಥಿತಿಯಲ್ಲಿರುವವರು ಚೀಟಿ ನೋಡಿ ಫೋನ್ ಒತ್ತುವುದಿಲ್ಲ.

ನಿಮ್ಮ ಶನಿವಾರದ ಹಾಳೆಯ ಬಗ್ಗೆ ಒಂದು ಎಚ್ಚರಿಕೆ ಇದೆ. ಅದರಲ್ಲಿ ಮಕ್ಕಳ ಮನೆಯ ಕಷ್ಟ ಬರೆಯಬೇಡಿ. ಹೆಸರು, ಬಾರದ ದಿನ, ಕರೆ ಮಾಡಿದವರು, ಮುಂದಿನ ಕರೆ ಯಾವಾಗ, ಇಷ್ಟು ಸಾಕು. ತಂದೆಯ ಕುಡಿತ, ಅಣ್ಣನ ಜೈಲು ಇವೆಲ್ಲ ನಿಮ್ಮ ಮನಸ್ಸಿನಲ್ಲಿರಲಿ. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಅದು ಒಮ್ಮೆ ಹೊರಬಿದ್ದರೆ, ಆ ಮಗು ಹೋಗುತ್ತದೆ, ಅದರ ಊರಿನ ಉಳಿದ ಮಕ್ಕಳೂ ನಿಮ್ಮನ್ನು ನಂಬುವುದಿಲ್ಲ. ಅಪಾಯದಲ್ಲಿರುವವರು ಎಂಬ ಪಟ್ಟಿಯಲ್ಲಿ ಇಂಥ ಜಾತಿಯವರು, ಇಂಥ ಕೇರಿಯವರು ಎಂದು ಮೊದಲೇ ಅಂದಾಜಿಸಿ ಸೇರಿಸುವುದೂ ಬೇಡ. ಮೂರು ದಿನ ಬಾರದಿದ್ದವರೆಲ್ಲ ಪಟ್ಟಿಗೆ ಬರಲಿ, ಪ್ರಾಂಶುಪಾಲರ ಮಗಳಾದರೂ ಸರಿ.

ಈ ಕೆಲಸವನ್ನು ಅತಿಥಿ ಉಪನ್ಯಾಸಕರ ತಲೆಗೆ ಹಾಕಿ ಕೈತೊಳೆದುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಅವರು ತರಗತಿಗೆ ಹತ್ತಿರದವರು, ಮಕ್ಕಳ ಭಾಷೆ ಬಲ್ಲವರು, ಎಷ್ಟೋ ಬಾರಿ ಅದೇ ಸೀಮೆಯವರು, ನಿಜ. ಆದರೆ ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಬರೀ ಮೌಖಿಕ ಆದೇಶ ಕೊಡಬೇಡಿ. ಪ್ರಾಂಶುಪಾಲರು ಸೇವೆ ವಿಸ್ತರಿಸಿ ಎಂದಿದ್ದಾರಲ್ಲ, ಅವರಿಂದ ಎರಡು ಕೇಳಿ: ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಅವಧಿ ಈ ಕೆಲಸಕ್ಕೆಂದು ಬರೆದುಕೊಡಬೇಕು, ಕರೆಗೆ ಕಾಲೇಜಿನ ಹೆಸರಿನಲ್ಲಿ ಒಂದು ಮೊಬೈಲ್ ಬೇಕು. ಉಪನ್ಯಾಸಕಿಯರು ತಮ್ಮ ಸ್ವಂತ ನಂಬರಿನಿಂದ ಕರೆ ಮಾಡಿ ಆಮೇಲೆ ರಾತ್ರಿ ಹೊತ್ತು ಅಪರಿಚಿತರ ಫೋನ್ ಎತ್ತುವ ಸ್ಥಿತಿ ಬರಬಾರದು.

ಮೊದಲ ವರ್ಷ ಇಡೀ ಕಾಲೇಜಿಗೆ ಹರಡಬೇಡಿ. ಬಿ.ಎ. ಅಥವಾ ಬಿ.ಕಾಂ. ಮೊದಲ ಸೆಮಿಸ್ಟರ್‌ನ ಒಂದು ಸೆಕ್ಷನ್ ಹಿಡಿಯಿರಿ. ಪಕ್ಕದ ಸೆಕ್ಷನ್ ಮೊದಲಿನಂತೆಯೇ ನಡೆಯಲಿ. ಎಣಿಸಬೇಕಾದದ್ದು ಎಷ್ಟು ಕರೆ ಮಾಡಿದಿರಿ, ಎಷ್ಟು ಸಭೆ ಆಯಿತು ಎಂಬುದನ್ನಲ್ಲ. ಮೊದಲ ಸೆಮಿಸ್ಟರ್ ಪರೀಕ್ಷಾ ಶುಲ್ಕ ಕಟ್ಟಿದವರೆಷ್ಟು, ಎರಡನೇ ಸೆಮಿಸ್ಟರ್‌ಗೆ ಬಂದು ಕೂತವರೆಷ್ಟು, ಮೂರನೆಯದಕ್ಕೆ ಪ್ರವೇಶ ಪಡೆದವರೆಷ್ಟು. ಎರಡೂ ಸೆಕ್ಷನ್‌ಗಳ ಈ ಮೂರು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಿಡಿ. ವ್ಯತ್ಯಾಸ ಕಂಡರೆ ಮುಂದಿನ ವರ್ಷ ಪಕ್ಕದ ಸೆಕ್ಷನ್‌ನ ಉಪನ್ಯಾಸಕರೇ ಬಂದು ಕೇಳುತ್ತಾರೆ. ಕಾಣದಿದ್ದರೆ ಹೋದವರ ಹೆಸರು ಹಿಡಿದು, ಅವರ ಊರಿಗೇ ಹೋಗಿ ಮಾತನಾಡಿಸಿ ಬನ್ನಿ. ನಿಮ್ಮ ಹಾಳೆಯಲ್ಲಿ ಯಾವ ಕಾಲಂ ಇರಲಿಲ್ಲ ಎಂಬುದನ್ನು ಅವರೇ ಹೇಳುತ್ತಾರೆ.

ಹಿಂದಿನ ವರ್ಷ ಬಿಟ್ಟುಹೋದವರ ಪಟ್ಟಿಯೂ ನಿಮ್ಮ ಕಚೇರಿಯಲ್ಲೇ ಇದೆ. ಟಿಸಿ ತೆಗೆದುಕೊಂಡಿಲ್ಲ ಎಂದರೆ ಅವರ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳೂ ಅಲ್ಲೇ ಫೈಲಿನಲ್ಲಿ ಇರುವ ಸಾಧ್ಯತೆ ಉಂಟು. ಈ ಶನಿವಾರ ಆ ಫೈಲು ತೆಗೆಸಿ, ಅದರಿಂದ ಹತ್ತು ಹೆಸರು ಆರಿಸಿಕೊಂಡು ಮೊದಲ ಹತ್ತು ಕರೆ ಅವರಿಗೇ ಮಾಡಿ.